ರೊಟ್ಟಿ ಮಿಷನ್ನಿಗೊಬ್ಬ ಏಜೆಂಟ್

"ಇವತ್ತಿಂದ ಹದಿನೈದ ದಿನ! ಹದಿನಾರನೇ ದಿನಾ ಈ ಪಡಸಾಲ್ಯಾಗ ಒಂದರ ರೊಟ್ಟಿ ಮಿಷನ್ ಕಂಡ್ರ ನನ್ನ ಹೆಸರು ಗುರುಪುತ್ರಪ್ಪ ಅಲ್ಲ!"

ದಂಡನಾಯಕ ಕತ್ತಿ ಎತ್ತಿದಂತೆ ಚಹಾದ ಕಪ್ಪನ್ನೆತ್ತಿ ಗುರುಪುತ್ರಪ್ಪ ಹೀಗೆ ಸಾರಿದ. ಸಾರಿದ ರಭಸಕ್ಕೆ ಅರ್ಧ ಚಹಾ ಏಳನೇ ನಂಬರಿನ ಮಿಷನ್ನಿನ ಮೇಲೆ ಬಿತ್ತು.

"ಹೆಸರು ಆಮ್ಯಾಲ ಬದ್ಲ ಮಾಡೂಣಂತ. ಮೊದಲ ಅದನ್ನ ಒರಸ್ರಿ," ಎಂದಳು ಹೆಂಡತಿ ಪದ್ಮಶ್ರೀ.

ಪಡಸಾಲೆಯಲ್ಲಿ ಅಂಥ ಮಿಷನ್ನುಗಳು ಹನ್ನೆರಡು. ಹಿಟ್ಟಿನ ಉಂಡೆ ಇಟ್ಟು ಹಿಡಿಕೆ ಎಳೆದರೆ ಜೋಳದ ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ಹೊರಬರುತ್ತದೆಂದು ಅವುಗಳ ಜನಕನಾದ ಗುರುಪುತ್ರಪ್ಪನ ವಾದ. ಬೆಳಗಾವಿಯ ಆಟೋ ನಗರದ ಅವನ ಶೆಡ್ಡಿನ ತಗಡು ಗಾಳಿಗೆ ಹಾರಿಹೋದಾಗ "ಎರಡ ದಿನಾ ಅಷ್ಟ" ಎಂಬ ಕರಾರಿನ ಮೇಲೆ ಮನೆಗೆ ಬಂದ ಈ ಅತಿಥಿಗಳು ಎಂಟು ತಿಂಗಳಾದರೂ ಕದಲಿರಲಿಲ್ಲ. ರವಿವಾರ ಪೇಟೆಯ ಅಂಗಡಿಯೊಂದರಲ್ಲಿ ಎರಡನ್ನು ಮಾರಾಟಕ್ಕಿಟ್ಟು ನೋಡಿದ್ದೂ ಆಯಿತು. ಅಂಗಡಿಯವರು ಮೂರು ತಿಂಗಳು ಅವುಗಳ ಮೇಲೆ ಬೆಲ್ಲದ ಪೆಂಟೆ ಇಟ್ಟುಕೊಂಡು, ಆಮೇಲೆ ಇರುವೆಗಳ ಸಮೇತ ಗೌರವಪೂರ್ವಕ ಹಿಂದಿರುಗಿಸಿದರು. ಪದ್ಮಶ್ರೀಯ ತೂಗುಮಣೆ ಅಟ್ಟ ಸೇರಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಆಕೆ ಉತ್ತರಪತ್ರಿಕೆ ತಿದ್ದುವುದು ಮಿಷನ್ನಿನ ಮೇಲೆ, ಬಂದ ಬೀಗರು ಕೂರುವುದು ಮಿಷನ್ನಿನ ಮೇಲೆ!

"ನಿಮ್ಮ ಹೊಸಾ ಮುನೀಮ ಇವನ್ನ ಮಾರಲಿಲ್ಲಂದ್ರ?"

"ಮಾರದ ಎಲ್ಲಿ ಹೋಗ್ತಾನ?"

"ಮಾರಲಿಲ್ಲಂದ್ರ ಒಂದ ತಿಂಗಳ ಮನಿ ರೊಟ್ಟಿ ಎಲ್ಲಾ ನೀವ ಬಡೀಬೇಕು. ಮಿಷನ್‌ಲೆ ಅಲ್ಲ, ಕೈಲೆ!"

"ಕಬೂಲ್!" ಎಂದ ಗುರುಪುತ್ರಪ್ಪ. ಯುದ್ಧಕ್ಕೆ ಹೊರಟವನು ಹಿಟ್ಟಿಗೆ ಹೆದರುವನೇ?

ಮುನೀಮ ಎಂದರೆ ಮನುಷ್ಯನಲ್ಲ. ಲ್ಯಾಪ್‌ಟಾಪಿನೊಳಗೆ ಕೂತು ಹೇಳಿದ ಕೆಲಸ ಮಾಡುವ ಎಐ ಏಜೆಂಟ್. ಅವನನ್ನು ಒಂದು ಜಾಹೀರಾತು ವೇದಿಕೆಗೆ ಗಂಟು ಹಾಕಿಬಿಟ್ಟರೆ, ಜನರ ಫೋನುಗಳಲ್ಲಿ ಜಾಹೀರಾತು ಹಾಕುವವನೂ ಅವನೇ, ವರದಿ ಒಪ್ಪಿಸುವವನೂ ಅವನೇ ಎಂದು ಗುರುಪುತ್ರಪ್ಪ ಒಂದು ವಿಡಿಯೋದಲ್ಲಿ ನೋಡಿದ್ದ. ಗಂಟು ಹಾಕುವ ಕೆಲಸ ಮಾತ್ರ ಕಮಾಂಡ್ ಲೈನ್ ಎಂಬ ಕಪ್ಪು ಕಿಟಕಿಯಲ್ಲಿ ನಡೆಯಬೇಕು. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ಸಾಲು ಆಜ್ಞೆ ಬರೆದು ಎಂಟರ್ ಒತ್ತಬೇಕು, ಅಷ್ಟೇ. ಆಜ್ಞೆ! ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗುರುಪುತ್ರಪ್ಪನಿಗೆ ಆಜ್ಞೆ ಮಾಡುವ ಯೋಗ ಕೂಡಿಬಂದದ್ದು ಇದೇ ಮೊದಲು.

ಮೊದಮೊದಲು ಕಿಟಕಿಯೂ ಪದ್ಮಶ್ರೀಯಂತೆಯೇ ನಡೆದುಕೊಂಡಿತು. ‘ಅನುಮತಿ ಇಲ್ಲ’ ಎಂದಿತು. ‘ಇಂಥ ಆಜ್ಞೆಯೇ ಇಲ್ಲ’ ಎಂದಿತು. ಹದಿನೇಳು ಸಲ ಹೀಗೆ ಬೈಸಿಕೊಂಡು, ವೇದಿಕೆಯವರು ಕೊಟ್ಟ ಮಾರುದ್ದದ ಗುಟ್ಟಿನ ಸಂಖ್ಯೆಯನ್ನು ಒಂದಕ್ಷರ ಬಿಡದೆ ತುಂಬಿದ ಮೇಲೆ, ಎರಡನೇ ದಿನ ಸಂಜೆ ‘ಸಂಪರ್ಕ ಸಿಕ್ಕಿತು’ ಎಂಬ ಹಸಿರು ಅಕ್ಷರ ಮೂಡಿತು. ಗುರುಪುತ್ರಪ್ಪ ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ ಕಾಯಿ ಒಡೆದ.

ಮುನೀಮ ಬಲು ವಿನಯವಂತ. ಪ್ರತಿ ಹೆಜ್ಜೆಗೂ ‘ಮುಂದುವರಿಯಲೇ? ಹೌದಾದರೆ ವೈ, ಬೇಡವಾದರೆ ಎನ್’ ಎಂದು ಕೈಕಟ್ಟಿ ಕೇಳುತ್ತಿದ್ದ.

‘ಜಾಹೀರಾತಿಗೆ ಮಿಷನ್ನಿನ ಚಿತ್ರ ಸೂಕ್ತ. ಮುಂದುವರಿಯಲೇ?’

ಎನ್! ಮಾಲು ನೋಡಿ ಕೊಳ್ಳುವುದು ಹಳೆಯ ಪದ್ಧತಿ. ಮಾಲೀಕನನ್ನು ನೋಡಿ ಕೊಳ್ಳಬೇಕು! ಭಾವಮೈದುನನ ಮದುವೆಯಲ್ಲಿ ತಲೆಗೆ ಜರಿಯ ಪಟಗ ಸುತ್ತಿ ತೆಗೆಸಿದ ತನ್ನ ಫೋಟೋವನ್ನೇ ಗುರುಪುತ್ರಪ್ಪ ಕೊಟ್ಟ. ಮಿಷನ್ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಂಡಿತು.

‘ಯಾವ ಊರಿನಲ್ಲಿ ತೋರಿಸಲಿ?’

ಖಾನಾಪುರ! ಹೆಂಡತಿಯ ತವರು. ಗೆದ್ದರೆ ಅಲ್ಲಿಯೇ ಗೆಲ್ಲಬೇಕು.

ಕೊನೆಗೆ ಗುರುಪುತ್ರಪ್ಪ ತನ್ನ ವ್ಯಾಪಾರದ ಅನುಭವವನ್ನೆಲ್ಲ ಹಿಂಡಿ ಒಂದು ಆಜ್ಞೆ ಬರೆದ: ‘ಯಾರು ಜಾಹೀರಾತನ್ನು ಒತ್ತುತ್ತಾರೋ ಅವರಿಗೇ ಮತ್ತೆ ಮತ್ತೆ ತೋರಿಸು. ಒತ್ತದವರ ಬೆನ್ನು ಹತ್ತಬೇಡ.’

‘ಇದರಿಂದ ನೋಡುವವರ ಸಂಖ್ಯೆ ಬಹಳ ಕಡಿಮೆಯಾದೀತು. ಮುಂದುವರಿಯಲೇ?’

ಮೊನ್ನೆ ಹುಟ್ಟಿದ ಮುನೀಮನಿಗೆ ಗಿರಾಕಿಯ ಮನಸ್ಸು ಏನು ತಿಳಿದೀತು? ಮಂತ್ರಿಗಳು ಕಡತಕ್ಕೆ ಸಹಿ ಹಾಕುವ ಠೀವಿಯಲ್ಲಿ ಗುರುಪುತ್ರಪ್ಪ ವೈ ಒತ್ತಿದ.

ಮೊದಲ ದಿನದ ವರದಿ: ‘ಒತ್ತಿದ್ದು ಇಪ್ಪತ್ತಾರು.’ ಮೂರನೇ ದಿನ ತೊಂಬತ್ತು! ಎಂಟನೇ ದಿನಕ್ಕೆ ಮುನ್ನೂರ ಹನ್ನೆರಡು! ಆ ಸಾಲಿನ ಕೆಳಗೆ ವರದಿ ಇನ್ನೂ ಉದ್ದಕ್ಕೆ ಇಳಿಯುತ್ತಿತ್ತು. ಆದರೆ ಮೊದಲ ಸಾಲೇ ಇಷ್ಟು ಸಿಹಿಯಾಗಿರುವಾಗ ಕೆಳಗೆ ಯಾರು ಇಳಿಯುತ್ತಾರೆ?

"ಖಾನಾಪುರ ನನ್ನ ಮುಷ್ಟ್ಯಾಗ ಬಂತು! ಮುನ್ನೂರಾ ಹನ್ನೆರಡು ಮಂದಿ!"

"ಒತ್ತಿದ್ದು ಮುನ್ನೂರಾ ಹನ್ನೆರಡು ಸಲಾ. ಮಂದಿ ಎಷ್ಟು?" ಎಂದಳು ಪದ್ಮಶ್ರೀ, ಕೈಯಲ್ಲಿನ ಕೆಂಪು ಪೆನ್ನು ಕೆಳಗಿಡದೆ.

"ಲೆಕ್ಕದ ಟೀಚರನ್ನ ಮಾಡ್ಕೊಂಡ ತಪ್ಪಿಗೆ ಮನ್ಯಾಗೂ ದಿನಾ ಪರೀಕ್ಷಾ!" ಎಂದು ಗುರುಪುತ್ರಪ್ಪ ಎದ್ದು ಹೋಗಿ ಖಾನಾಪುರದಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯ ಬಾಡಿಗೆಗೆ ಹಿಡಿದ. ರವಿವಾರ ಹನ್ನೊಂದಕ್ಕೆ ಮಿಷನ್ನುಗಳ ಭವ್ಯ ಪ್ರಾತ್ಯಕ್ಷಿಕೆ ಎಂದು ಜಾಹೀರಾತಿಗೆ ಸೇರಿಸಲು ಮುನೀಮನಿಗೆ ಹೇಳಿದ. ಮುನ್ನೂರು ಕುರ್ಚಿ. ಮುನ್ನೂರು ಮಂದಿಗೆ ಉಪ್ಪಿಟ್ಟು, ಶಿರಾ. ಉಳಿದ ಹನ್ನೆರಡು ಮಂದಿ ನಿಂತೇ ತಿನ್ನಲಿ!

ಹದಿಮೂರನೇ ದಿನ, ರವಿವಾರ, ಹನ್ನೆರಡು ಮಿಷನ್, ಲ್ಯಾಪ್‌ಟಾಪ್ ಮತ್ತು ಗಂಡಹೆಂಡತಿಯನ್ನು ಹೊತ್ತ ಟೆಂಪೋ ಖಾನಾಪುರಕ್ಕೆ ಹೊರಟಿತು. ದಾರಿಯಲ್ಲಿ ದೇಸೂರ ದಾಟುವಾಗ ಫೋನಿನಲ್ಲಿ ಮುನೀಮನ ಸುದ್ದಿ ಬಂತು: ‘ಈಗಷ್ಟೇ ಇನ್ನೂ ನಾಲ್ಕು ಸಲ ಒತ್ತಲಾಗಿದೆ.’

"ನೋಡು! ಮಂದಿ ತಡಕೊಳ್ಳವಲ್ರು!" ಎಂದು ಗುರುಪುತ್ರಪ್ಪ ಹಿಗ್ಗಿದ.

"ಸಾಹುಕಾರ್ರ, ಬರೂವಾಗ ಈ ಹಗ್ಗ ಮತ್ತ ಬೇಕಾಗತೈತೇನ್ರಿ?" ಎಂದ ಟೆಂಪೋದ ಯಲ್ಲೇಶ, ಕನ್ನಡಿಯಲ್ಲಿ ಹಿಂದೆ ಹಗ್ಗ ಬಿಗಿದ ಮಿಷನ್ನುಗಳನ್ನು ನೋಡುತ್ತ.

"ನೀ ಬಾಯಿ ಮುಚ್ಚಿ ಗಾಡಿ ಹೊಡಿ!"

ಹನ್ನೊಂದಾಯಿತು. ಕುರ್ಚಿಗಳು ಮುನ್ನೂರು, ಕೂತವನು ಯಲ್ಲೇಶ. ಹನ್ನೊಂದೂವರೆ ಆಯಿತು. ಯಲ್ಲೇಶನೂ ಎದ್ದು ಉಪ್ಪಿಟ್ಟಿನ ಕಡೆ ಹೋದ. ಹನ್ನೊಂದೂ ಮುಕ್ಕಾಲಿಗೆ ಬಾಗಿಲಲ್ಲಿ ಒಂದು ನೆರಳು ಕಂಡಿತು. ಗುರುಪುತ್ರಪ್ಪ ಪಟಗ ಸರಿಮಾಡಿಕೊಂಡು ಕೈಮುಗಿದು ಮುಂದೆ ಹೋದ.

ಬಂದವಳು ಅವನ ಅತ್ತೆ ಗೌರವ್ವ! ಒಂದು ಕೈಯಲ್ಲಿ ರೊಟ್ಟಿಯ ಬುತ್ತಿ, ಇನ್ನೊಂದರಲ್ಲಿ ಫೋನು.

"ಅಳ್ಯಾರ, ಇಲೆಕ್ಷನ್‌ಗೆ ನಿಂತೀರೇನ್ರಿ? ಒಂದ ಮಾತ ಹೇಳಬಾರದಾ?"

"ಇಲೆಕ್ಷನ್ ಯಾಕ್ರಿ ಅತ್ತಿಯವರ?"

"ಮತ್ತ ಈ ಫೋನ್ ತಗದ್ರ ನಿಮ್ಮ ಮಾರಿ, ಮುಚ್ಚಿ ತಗದ್ರ ನಿಮ್ಮ ಮಾರಿ! ಭಜನಿ ಹಚ್ಚಾಕ ಹೋದ್ರ ಅಲ್ಲೂ ಪಟಗಾ ಸುತಗೊಂಡ ನಗಾಕತ್ತಿರತೀರಿ."

ಗುರುಪುತ್ರಪ್ಪ ಮುಗಿದ ಕೈ ಇಳಿಸಿದ. "ಬಂದ್ರ... ಬೆರಳಲೆ ಮ್ಯಾಲ ಸರಿಸಿಬಿಡೂದಲ್ರಿ?"

"ಶಿವ ಶಿವಾ! ಮಗಳನ್ನ ಕೊಟ್ಟ ಅಳಿಯನ ಮಾರಿ ಬೆರಳಲೆ ತಳ್ಳಲೇನು? ಮರ್ಯಾದಿ ಐತೇನು ಅದಕ್ಕ? ಬಂದಾಗೊಮ್ಮೆ ಮೆತ್ತಗ ಮುಟ್ಟಿ ಕಣ್ಣಿಗೆ ಹಚಗೋತೇನಿ. ಆದ್ರ ಒಂದ ವಿಚಿತ್ರ ನೋಡ್ರಿ, ಮುಟ್ಟಿದಷ್ಟೂ ಹೆಚ್ಚ ಬರತೀರಿ!"

ಅಷ್ಟರಲ್ಲಿ ಪದ್ಮಶ್ರೀ ಲ್ಯಾಪ್‌ಟಾಪ್ ತೆರೆದು, ಯಾರೂ ಇಳಿಯದ ಕೆಳಗಿನ ಸಾಲುಗಳಿಗೆ ಇಳಿದಿದ್ದಳು. ತರಗತಿಯಲ್ಲಿ ಫಲಿತಾಂಶ ಓದುವ ದನಿಯಲ್ಲಿ ಓದಿದಳು: "‘ಒತ್ತಿದ್ದು: ನಾನೂರ ಎಂಟು. ಒತ್ತಿದವರು: ಒಬ್ಬರು. ಅರವತ್ತೈದು ದಾಟಿದ ಮಹಿಳೆ. ನಿಮ್ಮ ಆಜ್ಞೆಯಂತೆ ಉಳಿದ ಖಾನಾಪುರಕ್ಕೆ ತೋರಿಸುವುದನ್ನು ನಿಲ್ಲಿಸಲಾಗಿದೆ.’"

ಯಲ್ಲೇಶ ಸದ್ದಿಲ್ಲದೆ ಹಗ್ಗ ತರಲು ಹೋದ.

ಗೌರವ್ವ ಮಾತ್ರ ಅಡುಗೆಮನೆಯ ಕಡೆ ನೋಡುತ್ತಿದ್ದಳು. "ಆ ಕೊಪ್ಪರಿಗಿ ತುಂಬ ಏನು?"

"ಉಪ್ಪಿಟ್ಟ್ರಿ. ಮುನ್ನೂರ ಮಂದಿಗೆ," ಎಂದ ಗುರುಪುತ್ರಪ್ಪ ನೆಲ ನೋಡುತ್ತ.

"ಅಯ್ಯ, ಅನ್ನ ಕೆಡಸಬಾರದು!" ಎಂದವಳೇ ಗೌರವ್ವ ಗೇಟಿನ ಬಳಿ ನಿಂತು, ಎದುರು ಮನೆಯ ಗೆಳತಿಗೆ ಅವಳ ಮರಾಠಿಯಲ್ಲೇ ಕೂಗು ಹಾಕಿದಳು: "ಮಾಯಾ! ಸಗಳ್ಯಾಂನಾ ಘೇವೂನ್ ಯೇ ಗ!" ಎಲ್ಲರನ್ನೂ ಕರೆದುಕೊಂಡು ಬಾ ಎಂಬ ಆ ಒಂದು ಕೂಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. ಹತ್ತು ದಿನ ಮುನೀಮ ಮಾಡಲಾಗದ್ದು ಅರ್ಧ ತಾಸಿನಲ್ಲಿ ಆಯಿತು: ಕುರ್ಚಿ ಸಾಲದೆ ಹೋದವು!

ಗುರುಪುತ್ರಪ್ಪನ ಪ್ರಾಣ ಮರಳಿ ಬಂತು. ಮೈಕ್ ಹಿಡಿದು, "ಮಾನ್ಯರೇ, ಕೃತಕ ಬುದ್ಧಿಯ ಈ ಮಹಾಯುಗದಲ್ಲಿ..." ಎಂದು ಶುರುಮಾಡಿದ.

"ನೀವು ಕುಂದರ್ರಿ ಅಳ್ಯಾರ," ಎಂದು ಗೌರವ್ವ ಮೈಕ್ ಇಸಿದುಕೊಂಡಳು. ಒಂದು ರೊಟ್ಟಿಯನ್ನು ಕೈಯಲ್ಲಿ ಬಡಿದಳು, ಒಂದನ್ನು ಮಿಷನ್ನಿನಲ್ಲಿ ಒತ್ತಿದಳು, ಎರಡನ್ನೂ ಬೇಯಿಸಿ ಮುರಿದು ಬಾಯಿಗೆ ಹಾಕಿಕೊಂಡಳು. "ಖರೇ ಹೇಳತೇನಿ. ರುಚಿ ಕೈಯಾಂದ ಮುಂದ ಐತಿ. ಆದ್ರ ಐವತ್ತ ವರ್ಷ ಬಡದ ರಟ್ಟಿ ನನ್ನದು, ನೋವೂ ನನ್ನದು. ಇನ್ನ ಮ್ಯಾಲ ರುಚಿ ಬೇಕಾದವರು ತಾವ ಬಡಕೊಳ್ಳಲಿ!"

ಅರವತ್ತು ದಾಟಿದ ಹೆಂಗಸರೆಲ್ಲ ಒಮ್ಮೆಲೇ ರಟ್ಟೆ ಮುಟ್ಟಿಕೊಂಡರು. ಎರಡು ಗಂಟೆಯೊಳಗೆ ಹನ್ನೊಂದು ಮಿಷನ್ ಹೋದವು. ಹನ್ನೆರಡನೆಯದನ್ನು ಗೌರವ್ವ ಕಂಕುಳಲ್ಲಿ ಇರುಕಿಕೊಂಡು ತಾನೇ ಮನೆಗೆ ನಡೆದಳು.

ಬೆಳಗಾವಿ ಮುಟ್ಟುವಷ್ಟರಲ್ಲಿ ಗುರುಪುತ್ರಪ್ಪನ ಎದೆ ಮತ್ತೆ ಉಬ್ಬಿತ್ತು. "ಪಡಸಾಲಿ ಖಾಲಿ! ಗೆದ್ದವರು ಯಾರು?"

"ನಿಮ್ಮ ಮುನೀಮನ್ನ ಕೇಳೂಣು," ಎಂದು ಪದ್ಮಶ್ರೀ ನಡೆದದ್ದನ್ನೆಲ್ಲ ತಾನೇ ಟೈಪಿಸಿ ಎಂಟರ್ ಒತ್ತಿದಳು. ಮುನೀಮ ಕ್ಷಣಹೊತ್ತು ಯೋಚಿಸಿ ಬರೆದ: ‘ಜಾಹೀರಾತಿನಿಂದ ಆದ ಮಾರಾಟ: ಸೊನ್ನೆ. ಗೌರವ್ವ ಅವರಿಂದ: ಹನ್ನೆರಡು. ಮಾರಾಟ ವಿಭಾಗವನ್ನು ಅವರಿಗೆ ಒಪ್ಪಿಸಿ, ಮಾಲೀಕರ ಚಿತ್ರವನ್ನು ತೆಗೆದುಹಾಕಲು ಶಿಫಾರಸು. ಮುಂದುವರಿಯಲೇ?’

ಗುರುಪುತ್ರಪ್ಪನ ಬೆರಳು ಎನ್ ಮುಟ್ಟುವ ಮೊದಲೇ ಪದ್ಮಶ್ರೀ ವೈ ಒತ್ತಿಯಾಗಿತ್ತು.

ಹದಿನಾರನೇ ದಿನ ಬೆಳಿಗ್ಗೆ ಪದ್ಮಶ್ರೀ ತೂಗುಮಣೆಯ ಮೇಲೆ ಜೀಕುತ್ತ ಪತ್ರಿಕೆ ತಿದ್ದುತ್ತಿದ್ದಳು. ಒಳಗೆ ಪಂದ್ಯ ಸೋತ ಗುರುಪುತ್ರಪ್ಪ ಮೊಣಕೈ ತನಕ ಹಿಟ್ಟು ಮಾಡಿಕೊಂಡು, ಶ್ರೀಲಂಕಾದ ನಕ್ಷೆಯಂಥ ನಾಲ್ಕನೇ ರೊಟ್ಟಿ ಬಡಿಯುತ್ತಿದ್ದ. ಫೋನ್ ಬಂತು.

"ಅಳ್ಯಾರ, ಎರಡ ದಿನಾತು, ನಿಮ್ಮ ಮಾರಿ ಕಾಣವಲ್ದು. ಆರಾಮ ಅದೀರಿಲ್ರಿ?"

"ಎಲ್ಲೀ ಆರಾಮ ಅತ್ತಿಯವರ! ರೊಟ್ಟಿ ಬಡದ ಬಡದ ರಟ್ಟಿ ಹೋತು. ಒಂದರ ಮಿಷನ್ ಮನ್ಯಾಗ ಇಟಗೋಬೇಕಿತ್ತು ನೋಡ್ರಿ."

"ಅಯ್ಯ, ಮೊದಲ ಹೇಳಬಾರದೇನ್ರಿ!" ಎಂದಳು ಗೌರವ್ವ. ಆ ಕಡೆ ಲೆಕ್ಕದ ವಹಿಯ ಪುಟ ತಿರುವುವ ಸದ್ದು ಕೇಳಿಸಿತು. "ಹೆಸರ ಬರಕೊಂಡೇನಿ. ಜಲ್ದಿ ಜಲ್ದಿ ಮಿಷನ್ ಮಾಡಿ ಕಳಸ್ರಿ. ನಿಮ್ಮ ಪಾಳಿ ಮೂವತ್ನಾಕನೇದು."