ಪುಟಾಣಿ ಮಡಿ ಕಲಿತದ್ದು

ಆ ಭಾನುವಾರ ಎಂಟು ಗಂಟೆಯೊಳಗೆ ಸತ್ಯಭಾಮಾಬಾಯಿಯವರದು ಮೂರು ಸ್ನಾನ ಮುಗಿದಿತ್ತು. ಮೊದಲನೆಯದು ದೇವರಿಗಾಗಿ, ಉಳಿದೆರಡು ನಾಯಿಗಾಗಿ. ಮಡಿಸೀರೆ ಉಟ್ಟು, ಹಿತ್ತಲಿನ ನಳದಿಂದ ತಾಮ್ರದ ಕೊಡದಲ್ಲಿ ದೇವರ ನೀರು ಹಿಡಿದು ಅಡಿಗೆಮನೆಯತ್ತ ಹೊರಟರೆ ಸಾಕು, ಆ ನಾಯಿ ಪುಟಾಣಿ ಎಲ್ಲಿದ್ದರೂ ಓಡಿಬಂದು ಅವರ ಕಾಲಿಗೆ ಮೈ ತಿಕ್ಕುತ್ತಿತ್ತು. ಮಡಿ ಕೆಟ್ಟು, ನೀರು ಗಿಡದ ಪಾಲಾಗಿ, ಎಪ್ಪತ್ತೆರಡರ ಜೀವ ಮತ್ತೆ ಬಚ್ಚಲಿಗೆ ಹೋಗಬೇಕು.

“ಸುಮಧ್ವ, ನನಗ ಅದರ ಮ್ಯಾಲ ಸಿಟ್ಟಿಲ್ಲಪ್ಪಾ,” ಎಂದರು ಮಗನಿಗೆ, ಚಳಿಗೆ ನಡುಗುತ್ತ. “ಆದ್ರ ದಿನಾ ಮೂರು ಸ್ನಾನ ಮಾಡೋ ತ್ರಾಣ ನನಗಿಲ್ಲ. ಸಂಜಿಗೆ ಮಾನ್ವಿಯಿಂದ ಆನಂದ ಬರ್ತಾನ. ಕರ್ಕೊಂಡು ಹೋಗ್ಲಿ.”

ಆನಂದ ಅವರ ತಮ್ಮನ ಮಗ. ಹೊಲಕ್ಕೆ ನುಗ್ಗುವ ಕಾಡುಹಂದಿ ಕಾಯಲು ಅವನಿಗೊಂದು ನಾಯಿ ಬೇಕಿತ್ತು.

ಸುಮಧ್ವ ಪುಟಾಣಿಯನ್ನು ಬಳಿಗೆ ಎಳೆದುಕೊಂಡ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಈ ನಲವತ್ತಾರರ ಮಾಸ್ತರನಿಗೆ ಹೆಂಡತಿ ವೇದಶ್ರೀ ತೀರಿಹೋಗಿ ಎರಡು ವರ್ಷ. ದೇವದುರ್ಗದ ತವರಿನಿಂದ ಕೈಚೀಲದಲ್ಲಿ ಆ ಮರಿ ತಂದವಳು ಅವಳೇ, ಹುರಿದ ಪುಟಾಣಿಯ ಬಣ್ಣ ನೋಡಿ ಹೆಸರಿಟ್ಟವಳೂ ಅವಳೇ. ಈಗ ದಿನಾ ಸಂಜೆ ಅವನು ಹಿತ್ತಲ ಮೆಟ್ಟಿಲ ಮೇಲೆ ಕೂತರೆ ಪುಟಾಣಿ ಅವನ ಮೊಣಕಾಲ ಮೇಲೆ ಗದ್ದವಿಟ್ಟು ಉಸ್ಸೆನ್ನುತ್ತಿತ್ತು. ತಾಯಿ ಬಹಳ ಹೊತ್ತು ಮಡಿಯಲ್ಲೇ ಇರುತ್ತಿದ್ದುದರಿಂದ, ಆ ಮನೆಯಲ್ಲಿ ಅವನನ್ನು ಮುಟ್ಟುವ ಜೀವ ಅದೊಂದೇ.

ಅವನು ಗೋಗರೆದ. ಕೊನೆಗೆ ತಾಯಿ ಒಂದು ಮಾತಿಗೆ ಒಪ್ಪಿದರು: ಸಂಜೆ ಐದಕ್ಕೆ ಅವರು ಮಡಿಯಲ್ಲಿ ಎರಡು ಕೊಡ ನೀರು ಒಯ್ಯುವುದು, ನಾಯಿ ಬಿಟ್ಟೇ ಇರಬೇಕು, ಆದರೂ ಮುಟ್ಟಬಾರದು. ಮುಟ್ಟದಿದ್ದರೆ ಮನೆಯಲ್ಲೇ ಇರಲಿ. ಅಷ್ಟು ಹೇಳಿ ಮಠಕ್ಕೆ ನಡೆದರು.

ನಾಯಿಗಳು ಕೋಲು ಹಾರಿ, ಕಂಬ ಸುತ್ತಿ, ಸುರಂಗದಲ್ಲಿ ನುಸುಳುವುದನ್ನು ಸುಮಧ್ವ ಮೊಬೈಲಿನಲ್ಲಿ ನೋಡಿದ್ದ. ಹಿತ್ತಲಲ್ಲಿ ಎರಡು ಡಬ್ಬಿಗಳ ಮೇಲೆ ಕಸಬರಿಗೆ ಇಟ್ಟ, ತುಳಸಿಕಟ್ಟೆಯ ಸುತ್ತ ಕುರ್ಚಿ ಸಾಲಿಟ್ಟ, ಸುರಂಗಕ್ಕೆಂದು ಮುರುಕು ಮಂಚ ಎಳೆದು ತಂದ. ಸದ್ದು ಕೇಳಿ ಎಡಗಡೆ ಮನೆಯ ಶರಣಯ್ಯನವರು ಕರೆಯದೆಯೇ ಬಂದರು. ದೇವದುರ್ಗದ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಕುರಿ, ಕೋಳಿ, ಕುಡುಕರನ್ನೆಲ್ಲ ಒಂದೇ ಬಸ್ಸಿನಲ್ಲಿ ಸಂಭಾಳಿಸಿದವರಿಗೆ ಒಂದು ನಾಯಿ ಯಾವ ಲೆಕ್ಕ ಎಂದು ಸೀಟಿ ಹಿಡಿದು ನಿಂತರು. ಅವರು “ರೈಟ್” ಅಂದರೆ ಪುಟಾಣಿ ಓಡಬೇಕು, “ಹೋಲ್ಡಾನ್” ಅಂದರೆ ನಿಲ್ಲಬೇಕು. ಬಲಗಡೆ ಮನೆಯ ಅನ್ವರಿ ಬೇಗಂ ಗೋಡೆಯ ಮೇಲಿಂದ, ಸರಿ ಮಾಡಿದಾಗಲೆಲ್ಲ ಒಂದು ರೊಟ್ಟಿ ಚೂರು ಎಸೆಯುವ ಕೆಲಸ ತಾವೇ ವಹಿಸಿಕೊಂಡರು.

ಹನ್ನೊಂದರ ಹೊತ್ತಿಗೆ ಪುಟಾಣಿ ಎಲ್ಲ ಕಲಿತಿತ್ತು. ಆದರೆ ಅದೆಲ್ಲ ನಿಂತ ವಸ್ತುಗಳ ಪಾಠ.

“ಮಾಸ್ತರ್ರೀ, ಕುರ್ಚಿ ನಡೆಯಂಗಿಲ್ಲ, ನಿಮ್ಮವ್ವ ನಡೀತಾರ,” ಎಂದರು ಶರಣಯ್ಯ. “ಯಾರರ ಸೀರಿ ಉಟ್ಟು ಅಡ್ಡಾಡಬೇಕು. ನನಗ ಮೊಣಕಾಲು ನೋವು ಅದ.”

ಇಬ್ಬರೂ ಸುಮಧ್ವನನ್ನೇ ನೋಡಿದರು. ಅವನು ಬೇಡವೆಂದ. ಆಮೇಲೆ ಹಂದಿ ಕಾಯುವ ಹೊಲ ನೆನಪಾಗಿ, ಕೌದಿಗೆಂದು ತೆಗೆದಿಟ್ಟಿದ್ದ ತಾಯಿಯ ಹಳೇ ಸೀರೆ ಸುತ್ತಿ, ತಲೆಯ ಮೇಲೆ ಸೆರಗು ಹೊದ್ದು, ಕೊಡ ಸೊಂಟಕ್ಕಿಟ್ಟು ಹೊರಬಂದ. ನೆರಿಗೆ ಸರಿಯಿಲ್ಲವೆಂದು ಅನ್ವರಿ ಬೇಗಂ ಗೋಡೆಯಾಚೆಯಿಂದಲೇ ತಿದ್ದಿದರು. ಅಕ್ಕಪಕ್ಕದ ಮಾಳಿಗೆಗಳ ಮೇಲೆ ಜನ ಸೇರಿದರು.

ಪುಟಾಣಿ ಹತ್ತಿರ ಬಂದಾಗಲೆಲ್ಲ ಸೀಟಿ, ಗದರಿಕೆ. ದೂರ ಸರಿದರೆ ರೊಟ್ಟಿ. ಎರಡು ಸಲ ಸೀರೆ ತೊಡರಿ ಸುಮಧ್ವ ಬಿದ್ದ, ಕೊಡ ನೆಗ್ಗಿತು. ತನ್ನ ಹತ್ತಿರ ಪ್ರೀತಿಯಿಂದ ಓಡಿಬರುವುದನ್ನು ತಾನೇ ಗದರಿ ಅಟ್ಟುವುದು ಅವನಿಗೆ ಬಹಳ ಸಂಕಟವೆನಿಸಿತು. ಆದರೂ ಬಿಡಲಿಲ್ಲ. ಅರವತ್ತು ಸುತ್ತು ಹಾಕಿದ.

ನಾಲ್ಕಕ್ಕೆ ಹಾಲಿನ ಕರೆಮ್ಮ ಹಿತ್ತಲ ಬಾಗಿಲಿನಿಂದ ಬಂದವಳು, “ಯವ್ವಾ, ಹಾಲು ತಗೋರಿ,” ಎಂದಳು. ಯವ್ವ ತಿರುಗಿ ನೋಡಿದರೆ ದಪ್ಪ ಮೀಸೆ. ಕರೆಮ್ಮ ಪಾತ್ರೆ ಅಲ್ಲೇ ಕೆಡವಿ ಓಡಿದಳು. ಹಾಲು ಸುಮಧ್ವನ ಕಾಲ ಬುಡದಿಂದ ಹರಿಯಿತು. ಪುಟಾಣಿ ಹಾರಿ ಬಂದದ್ದು, ಅವನನ್ನು ಕಂಡು ಒಂದು ಮೊಳ ದೂರದಲ್ಲೇ ತಡೆದು ನಿಂತು, ಸುತ್ತು ಬಳಸಿ ಆಚೆ ಹೋಗಿ ಹಾಲು ನೆಕ್ಕಿತು. ಮಾಳಿಗೆಯವರು ಚಪ್ಪಾಳೆ ತಟ್ಟಿದರು.

ಐದಕ್ಕೆ, ಮಠದಿಂದ ಬಂದಿದ್ದ ಸತ್ಯಭಾಮಾಬಾಯಿ ಮಿಂದು ಒದ್ದೆ ಸೀರೆಯಲ್ಲಿ ಕೊಡ ಹಿಡಿದು ಹೊರಟರು. ಪುಟಾಣಿ ಕಸಬರಿಗೆ ಹಾರಿತು, ತುಳಸಿಕಟ್ಟೆ ಸುತ್ತಿತು, ಅವರು ನಿಂತರೆ ನಿಂತಿತು, ನಡೆದರೆ ಒಂದು ಮೊಳ ಅಂತರದಲ್ಲೇ ನಡೆಯಿತು. ಎರಡನೆಯ ಕೊಡವೂ ಒಳಗೆ ಹೋಯಿತು.

“ಈ ಮನಿಯೊಳಗ ನಿನಗಿಂತ ಇದಕ್ಕೇ ಮಡಿ ತಿಳೀತದ,” ಎಂದರು ಮಗನಿಗೆ. ಅವರ ಕಣ್ಣು ಒದ್ದೆಯಾಗಿತ್ತು. ಆನಂದ ಬಂದು ಕಾಫಿ ಕುಡಿದು, ಬರಿಗೈಯಲ್ಲಿ ಮಾನ್ವಿಗೆ ಹೊರಟುಹೋದ.

ಸುಮಧ್ವ ಸೀರೆ ಬಿಚ್ಚಿಟ್ಟು, ಕೈಕಾಲು ತೊಳೆದು, ದಿನದಂತೆ ಮೆಟ್ಟಿಲ ಮೇಲೆ ಕೂತ. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿತ್ತು. ಮೊಣಕಾಲು ತಟ್ಟಿ ಕರೆದ. ಪುಟಾಣಿ ಓಡೋಡಿ ಬಂದು, ಒಂದು ಮೊಳ ದೂರದಲ್ಲಿ ನಿಂತಿತು.

ಮತ್ತೆ ಕರೆದ. ಅದು ಬಾಲ ಅಲ್ಲಾಡಿಸುತ್ತ ಅವನನ್ನು ಒಂದು ಸುತ್ತು ಬಳಸಿ ಬಂದು ಮೊದಲಿನ ಜಾಗದಲ್ಲೇ ಕೂತಿತು. ಅವನು ಕೆಳಗಿಳಿದು ಒಂದು ಹೆಜ್ಜೆ ಮುಂದಿಟ್ಟ. ಅದು ಒಂದು ಹೆಜ್ಜೆ ಹಿಂದೆ ಸರಿಯಿತು. ಸೀರೆಯನ್ನೂ ಕಲಿತಿತ್ತು, ಸೀರೆಯೊಳಗಿದ್ದವನನ್ನೂ ಕಲಿತಿತ್ತು.

“ಬಾರೋ ಪುಟಾಣಿ, ನಾನು,” ಎಂದು ಅವನು ಕೈ ಚಾಚಿದ.

ಅಡಿಗೆಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದರು.

“ಹಂಗ ಕರದು ಕೆಡಿಸಬ್ಯಾಡೋ ಅದನ್ನ,” ಎಂದರು ಮೆತ್ತಗೆ. “ಮತ್ತ ಮುಟ್ಟಲಿಕ್ಕೆ ಕಲೀತಂದ್ರ ಮಾನ್ವಿಗೇ ಕಳಿಸಬೇಕಾಗ್ತದ.”

ಸುಮಧ್ವ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ.