ಮ್ಯೂಸಿಯಂ ಮೇಷ್ಟ್ರುಗಳ ಫಜೀತಿ

ಪುಕ್ಕಟೆ ಪಾಠ ಹೇಳುವವನಿಗೆ ಸಂಬಳ ಇರುವುದಿಲ್ಲ, ಆದರೆ ಫಜೀತಿಗೇನೂ ಬರವಿಲ್ಲ. ನಾನು ಅಂಕೋಲೆಯಲ್ಲಿ ಬ್ಯಾಂಕ್ ಗುಮಾಸ್ತ. ಕಲಿತದ್ದು ಭೌತಶಾಸ್ತ್ರ, ಮಾಡುವುದು ಚೆಕ್ಕಿಗೆ ಠಸ್ಸೆ ಹೊಡೆಯುವ ಕೆಲಸ. ಎರಡು ಸಾವಿರದ ಇಸವಿ ಕಳೆದ ಮೇಲಿನ ಕೆಲವು ವರ್ಷ, ಕಾರವಾರದ ಕಡಲ ದಂಡೆಯ ಸಣ್ಣದೊಂದು ಮ್ಯೂಸಿಯಮ್ಮಿನಲ್ಲಿ ನಾನೂ ನನ್ನ ಗೆಳೆಯ ದಂತವೈದ್ಯರೂ ಸೇರಿ ದಸರೆ ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಕಿರು ಕೋರ್ಸ್ ನಡೆಸುತ್ತಿದ್ದೆವು. ವರ್ಷದಲ್ಲಿ ಆ ಕೆಲವು ದಿನ ಮಾತ್ರ ನಾನು ಕಲಿತದ್ದಕ್ಕೆ ಬೆಲೆ ಇದೆ ಅನಿಸುತ್ತಿತ್ತು. ನಿಜವಾಗಿ ಸುಖಪಡುತ್ತಿದ್ದೆ.

ಮ್ಯೂಸಿಯಂ ಸಮಿತಿಯ ಅಧ್ಯಕ್ಷರಿಗೆ ಮಾತ್ರ ನಮ್ಮನ್ನು ಕಂಡರೆ ಅಷ್ಟಕ್ಕಷ್ಟೆ. ನಾವು ಪಾಠ ಮಾಡುವ ಸಭಾಂಗಣವನ್ನು ರಜೆಯಲ್ಲಿ ಸೀರೆ ಮಾರಾಟ ಮೇಳಕ್ಕೆ ಕೊಡಬೇಕೆಂದು ಅವರ ಆಸೆ. ಒಂದು ವರ್ಷ ಕಡ್ಡಿ ಮುರಿದಂತೆ ಹೇಳಿಯೇಬಿಟ್ಟರು: "ಸಮಾರೋಪಕ್ಕೆ ಹಿರಿಯ ಅಧಿಕಾರಿ ಮೇಡಂ ಬರ್ತಾರೆ. ಅವರು ಮೆಚ್ಚಿದ್ರೆ ಕೋರ್ಸು. ಇಲ್ದಿದ್ರೆ ಸೀರೆ." ಆ ವರ್ಷದವೇ ಈ ಮೂರೂ ಪ್ರಸಂಗಗಳು.

೧. ಶಾರ್ಕಿನ ಹಲ್ಲು

ಮ್ಯೂಸಿಯಮ್ಮಿನಲ್ಲಿ ಶಾರ್ಕಿನ ದವಡೆಯೊಂದಿತ್ತು. ಅದರ ಪಾಠ ದಂತವೈದ್ಯರ ಪಾಲಿಗೆ. ಹಲ್ಲಿನ ಡಾಕ್ಟರು ಬರುತ್ತಾರೆಂಬ ಸುದ್ದಿ ಹೇಗೆ ಹಬ್ಬಿತೋ, ಮರುದಿನ ಮಕ್ಕಳಿಗಿಂತ ಅವರನ್ನು ಬಿಡಲು ಬಂದ ಅಮ್ಮ, ಅಜ್ಜಿಯರೇ ಹೆಚ್ಚು. ಒಬ್ಬೊಬ್ಬರೂ ಕೆನ್ನೆ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತಿದ್ದರು.

ವೈದ್ಯರು ಉತ್ಸಾಹದಿಂದ, "ಶಾರ್ಕಿನ ಒಂದು ಹಲ್ಲು ಬಿದ್ರೆ ಹಿಂದಿನ ಸಾಲಿನ ಹಲ್ಲು ಮುಂದೆ ಬರ್ತದೆ. ಸಾಯುವವರೆಗೂ ಹೊಸ ಹಲ್ಲು!" ಎಂದರು.

ಹಿಂದಿನಿಂದ ಒಬ್ಬ ಅಜ್ಜಿ ಎದ್ದು ನಿಂತಳು. "ಡಾಕ್ಟ್ರೇ, ಆ ಮೀನು ತಿಂದ್ರೆ ನಮಗೂ ಹಾಗೇ ಹುಟ್ತದಾ?"

ವೈದ್ಯರು ತಮಾಷೆಗೆ, "ತಿಂದು ನೋಡಿ ಅಜ್ಜಿ" ಎಂದರು.

"ಬುದ್ಧಿ ಬಂದಾಗಿಂದ ತಿಂತಾನೇ ಇದ್ದೆ ಮಾರಾಯ್ರೇ," ಎಂದು ಅಜ್ಜಿ ಬೊಚ್ಚುಬಾಯಿ ತೆರೆದು ತೋರಿಸಿದಳು. "ಇದ್ದದ್ದೂ ಹೋಯ್ತಲ್ಲ!"

೨. ಬಂಗಡೆಯ ಹೃದಯ

ಮೀನಿನ ಅಂಗರಚನೆ ಕಲಿಸಲು ಪೇಟೆಯಿಂದ ಬಂಗಡೆ ತಂದೆವು. ಪ್ರತಿಯೊಬ್ಬರೂ ಮೀನು ಸೀಳಿ, ಕಿವಿರು, ಹೃದಯ, ಕರುಳನ್ನು ಟ್ರೇಯಲ್ಲಿ ಸಾಲಾಗಿ ಇಡಬೇಕು. "ಶುರು ಮಾಡಿ" ಎಂದು ನಾನು ಹಲಗೆಯ ಮೇಲೆ ಚಿತ್ರ ಬರೆಯಲು ತಿರುಗಿದೆ.

ಚಿತ್ರದ ಬಾಲ ಮುಗಿಯುವಷ್ಟರಲ್ಲಿ "ಆಯ್ತು ಸರ್!" ಎಂದರು. ಕಡಲ ದಂಡೆಯ ಮಕ್ಕಳು, ಹುಟ್ಟಾ ಕಲಿತ ಕೈ. ತಲೆ ತೆಗೆದು, ಹೊಟ್ಟೆ ಬಳಿದು, ತೊಳೆದು, ಮಸಾಲೆ ಹಿಡಿಯಲೆಂದು ಎರಡೂ ಬದಿಗೆ ಗೀರು ಹಾಕಿ ಇಟ್ಟಿದ್ದರು.

"ಹೃದಯ ಎಲ್ಲಿ?" ಎಂದೆ.

"ಬೆಕ್ಕಿಗೆ ಹಾಕ್ದ್ವಿ ಸರ್."

ಒಂದೇ ಟ್ರೇಯಲ್ಲಿ ಎಲ್ಲಾ ಅಂಗಗಳೂ ಸುರಕ್ಷಿತವಾಗಿದ್ದವು. ಅದು ಬಾಳೆಗುಳಿ ಕಡೆಯ ಭಟ್ಟರ ಮಗನದು. ಮನೆಯಲ್ಲಿ ಮೀನು ಕಂಡೇ ಗೊತ್ತಿಲ್ಲದ್ದರಿಂದ, ಪಾಪ, ನಾನು ಹೇಳಿದ್ದನ್ನಷ್ಟೇ ಮಾಡಿದ್ದ. ಮೊದಲ ಬಹುಮಾನ ಅವನಿಗೇ ಹೋಯಿತು. ಪ್ರಶಸ್ತಿಪತ್ರ ಬರೆಯುವಾಗ ಹತ್ತಿರ ಬಂದು ಪಿಸುಗುಟ್ಟಿದ: "ಸರ್, ಮೀನು ಅಂತ ಬರೀಬೇಡಿ. ನಮ್ಮ ಅಮ್ಮಮ್ಮ ಓದ್ತಾಳೆ. ದಾಸವಾಳ ಅಂತ ಬರೀರಿ."

೩. ಸಮಾರೋಪ

ಆ ವರ್ಷದ ಮುಖ್ಯ ಪಾಠ ಭರತಿ, ಇಳಿತ, ಅಂದರೆ ಸಮುದ್ರದ ನೀರಿನ ಏರಿಳಿತ. ಮಕ್ಕಳು ದಿನವೂ ದಂಡೆಯಲ್ಲಿ ಕೋಲು ನೆಟ್ಟು ನೀರಿನ ಏರಿಕೆ ಅಳೆದಿದ್ದರು. ಸಮಾರೋಪದ ದಿನ ಹುಣ್ಣಿಮೆ. ಮರಳಿನಲ್ಲಿ ಕೆಂಪು ಬಾವುಟ ನೆಟ್ಟು, ಹನ್ನೊಂದೂವರೆಗೆ ನೀರು ಇದರ ಬುಡಕ್ಕೆ ಬರುತ್ತದೆ ಎಂದು ಬರೆದರು. ಕಾರ್ಯಕ್ರಮ ಹತ್ತಕ್ಕೆ. ಭಾಷಣ ಮುಗಿದ ಮೇಲೆ ಮೇಡಂ ನೀರು ಬರುವುದನ್ನು ನೋಡಲಿ ಎಂದು ದಂಡೆಯಲ್ಲೇ ಶಾಮಿಯಾನ ಹಾಕಿಸಿ, ಬಾವುಟದ ಪಕ್ಕದಲ್ಲೇ ಮೈಕ್ ಇಟ್ಟೆವು.

ನಮ್ಮ ಕಡೆಯ ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾದದ್ದುಂಟೇ? ಮೇಡಂ ಬರುವಾಗ ಹನ್ನೊಂದು ದಾಟಿತ್ತು. ಅಧ್ಯಕ್ಷರು ಚಪ್ಪಲಿ ಬಿಟ್ಟು, ದೀಪ ಹಚ್ಚಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಸ್ವಾಗತ ಭಾಷಣ ಹಿಡಿದರು. ಮ್ಯೂಸಿಯಮ್ಮಿನ ಇತಿಹಾಸ ಮುಗಿದು ಅವರ ಅಜ್ಜನ ಇತಿಹಾಸ ಶುರುವಾಯಿತು. ಬೆನ್ನ ಹಿಂದೆ ನೀರು ಬರುವುದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಕಾಣುತ್ತಿತ್ತು. ಹೋಯಿತು ಕೋರ್ಸು, ಬಂತು ಸೀರೆ ಅಂದುಕೊಂಡೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಭರ್ತಿ ಬಂತು" ಎಂದಳು.

"ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರ್ದು, ಕೂತ್ಕೋ. ಕೊನೆಯದಾಗಿ ಒಂದು ಮಾತು..."

ಆ ಮಾತನ್ನು ಅಲೆ ಮುಗಿಸಿತು. ಅಧ್ಯಕ್ಷರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಚಪ್ಪಲಿ ಅಲೆಯ ಜೊತೆ ಹೊರಟೇಹೋಯಿತು. ಮೈಕಿನವನು ಓಡಿಬಂದು ವೈರ್ ಕಿತ್ತ. ಮೇಡಂ ಸೀರೆಯ ನಿರಿಗೆ ಎತ್ತಿ ಹಿಡಿದು ಗಡಿಯಾರ ನೋಡಿದರು. ಹನ್ನೊಂದೂವರೆ.

ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿ ನಿಂತೆ. ನೋಡಿದರೆ, ಮೇಡಂ ಬಿದ್ದು ಬಿದ್ದು ನಗುತ್ತಿದ್ದರು. "ನನ್ನ ನೌಕರಿಯಲ್ಲಿ ಭಾಷಣ ಹೇಳಿದ ಹೊತ್ತಿಗೆ ಮುಗಿದದ್ದು ಇದೇ ಮೊದಲು! ಕೋರ್ಸ್ ನಿಲ್ಲಿಸಬೇಡಿ. ನನ್ನ ಸಭೆಗಳಿಗೂ ಇನ್ನು ಈ ಮಕ್ಕಳೇ ಜಾಗ ಹುಡುಕಿ ಕೊಡ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮಾತ್ರ ಬರಿಗಾಲಲ್ಲಿ ಆ ಹುಡುಗಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: "ತಂಗೀ, ಇಳಿತ ಆದ್ಮೇಲೆ ಚಪ್ಪಲಿ ಇಲ್ಲೇ ಸಿಗ್ತದಾ?"

ಹುಡುಗಿ ಕಾಳಿ ನದಿಯ ಆಚೆ ದಡದ ಚಿತ್ತಾಕುಲದವಳು. ಅಲೆಯನ್ನೂ ಗಾಳಿಯನ್ನೂ ನೋಡಿ, ಲೆಕ್ಕ ಹಾಕಿ, ಗಂಭೀರವಾಗಿ ಉತ್ತರಿಸಿದಳು: "ಇಲ್ಲಿ ಸಿಗೂದಿಲ್ಲ ಸರ್, ನಮ್ಮೂರಲ್ಲಿ ಸಿಗ್ತದೆ. ಮುಂದಿನ ವರ್ಷ ಕೋರ್ಸಿಗೆ ಬರುವಾಗ ತಂದ್ಕೊಡ್ತೇನೆ."