ಕಿಶೋರನ ಕಿವಿಗೂದಲು

ಶಿರಹಟ್ಟಿಯ ಹುಡುಗಿ ಬೇಡವೆಂದದ್ದಕ್ಕೆ ಕಾರಣ ಕಿಶೋರನ ಕಿವಿ. ಎರಡೂ ಕಿವಿಯಂಚಿಗೆ ಮಳೆಗಾಲದ ಮಾಳಿಗೆ ಮೇಲಿನ ಹುಲ್ಲಿನಂತೆ ಕೂದಲು ಎದ್ದು ನಿಂತಿದ್ದವು. ವಯಸ್ಸು ಬೇರೆ ಮೂವತ್ತಾರು. ಬೆಟಗೇರಿಯ ನೇಕಾರರ ಓಣಿಯಲ್ಲಿ ಅವನ ವಾರಿಗೆಯವರೆಲ್ಲ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಇನ್ನೊಂದು ಸಂಬಂಧ ತಪ್ಪಿದರೆ ಮದುವೆಯ ಆಸೆಗೆ ಎಳ್ಳುನೀರೇ ಎಂದು ಹೆದರಿ, ಗದಗಿನ ದವಾಖಾನೆಯೊಂದರಲ್ಲಿ ಲೇಸರ್ ಹಾಕಿಸಿಕೊಂಡು ಬಂದ.

ಡಾಕ್ಟರಮ್ಮ ಬಿಡಿಸಿಯೇ ಹೇಳಿದ್ದಳು: "ಇವತ್ತ ಉದುರಂಗಿಲ್ರಿ. ಎರಡ-ಮೂರ ವಾರದಾಗ ತಾವ ಬೀಳ್ತಾವ. ಅಲ್ಲೀತನಕ ಕೀಳಬ್ಯಾಡ್ರಿ. ಪೂರಾ ಕಡಿಮಿ ಆಗಾಕ ಆರೇಳ ಸಲ ಬರಬೇಕು."

ಹನ್ನೆರಡನೆಯ ದಿನ ಬೆಳಗಾಯಿತು. ಹನ್ನೊಂದಕ್ಕೆ ಮುಂಡರಗಿಯಿಂದ ಹೊಸ ಸಂಬಂಧದ ಹುಡುಗಿ ಕಲ್ಪನಾ ಮತ್ತವಳ ಮನೆಯವರು ವರನನ್ನು ನೋಡಲು ಬರುವವರಿದ್ದರು. ಕನ್ನಡಿ ಹಿಡಿದರೆ ಒಂದೆಳೆಯೂ ಉದುರಿಲ್ಲ, ಮೇಲಾಗಿ ಮೊದಲಿಗಿಂತ ಉದ್ದವಾದಂತಿವೆ!

"ಕ್ಷೌರದ ಹುಚ್ಚೀರಪ್ಪನ್ನ ಕರಸ್ಲೇನೋ? ಕತ್ತರಿ ಆಡಿಸಿ ಹೋಗ್ತಾನ," ಎಂದಳು ಅವ್ವ.

"ಬ್ಯಾಡಬೇ ಯವ್ವಾ! ಮುಟ್ಟಿದ್ರ ಏನರ ಹೆಚ್ಚುಕಮ್ಮಿ ಆದೀತು."

ಪಕ್ಕದ ಮನೆಯ ಕಳಕವ್ವನಿಗೆ ಇಷ್ಟು ಕೇಳಿದ್ದೇ ಸಾಕಾಯಿತು. ಮುಷ್ಟಿಯಲ್ಲಿ ಒಲೆಯ ಬೂದಿ ಹಿಡಿದು ಬಂದೇಬಿಟ್ಟಳು. "ಕುಂಡ್ರಲೇ, ಬೂದಿ ಹಚ್ಚಿ ಎರಡ ನಿಮಿಷದಾಗ ಕಿತ್ತ ಒಗೀತೀನಿ!"

ಕಿಶೋರ ಮಗ್ಗದ ಸುತ್ತ ಮೂರು ಸುತ್ತು ಓಡಿದ. ಕೊನೆಗೆ ಎದುರುಮನೆಯ ಗೋಪಣ್ಣ ಅವನನ್ನು ಹಿಡಿದು ಕೂರಿಸಿ, ತನ್ನ ರುಮಾಲನ್ನೇ ಎರಡೂ ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿದ. "ಇನ್ನ ಯಾರ ಅಪ್ಪಗೂ ಕಾಣಂಗಿಲ್ಲ," ಎಂದ.

ಹನ್ನೊಂದಕ್ಕೆ ಬಂದು ಕೂತವರಿಗೆ ಕಿವಿ ಕಾಣಲಿಲ್ಲ ಖರೆ, ಕಿಶೋರನಿಗೆ ಏನೂ ಕೇಳಿಸಲೂ ಇಲ್ಲ. ಕಲ್ಪನಾಳ ಅಜ್ಜಿ ಬನಶಂಕರೆವ್ವ "ಏನ ಕೆಲಸ ಮಾಡ್ತೀಯಪಾ?" ಎಂದು ಮೂರು ಸಲ ಕೇಳಿದಳು. ಅವನು ಬೆವರೊರೆಸಿಕೊಳ್ಳುತ್ತ ಮೂರು ಸಲವೂ ನಕ್ಕ.

"ಹುಡುಗ ಕಿವುಡ ಅದಾನೇನ್ರಿ?"

"ಛೇ, ಕಿವಿ ನೋವ್ರಿ ಅಷ್ಟ," ಎಂದ ಗೋಪಣ್ಣ.

"ಹಂಗಾರ ಬಿಚ್ಚಿ ತೋರಸ್ರಿ."

ಬೇರೆ ದಾರಿಯಿರಲಿಲ್ಲ. ಅವ್ವ ರುಮಾಲು ಬಿಚ್ಚಿದಳು. ಕಿಶೋರ ಕಣ್ಣು ಮುಚ್ಚಿಕೊಂಡ.

"ಅಯ್ಯ ನನ್ನಪ್ಪಾ! ಈ ಕಿವೀನ ನೋಡಾಕಂತನ ಬಂದೀನಿ ನಾ!" ಅಜ್ಜಿಯ ದನಿ ಒದ್ದೆಯಾಗಿತ್ತು. "ಇಕಿ ಅಪ್ಪ ನಲವತ್ತ ದಾಟಲಿಲ್ರಿ. ಕಿವಿ ಮ್ಯಾಲ ಕೂದ್ಲ ಇದ್ದಾಂವಗ ಆಯುಷ್ಯ ಗಟ್ಟಿ ಅಂತಾರ. ಫೋಟೋದಾಗ ಅದನ್ನ ನೋಡೇ ಈ ಸಂಬಂಧ ಹಿಡದೀವಿ."

ತಲೆ ತಗ್ಗಿಸಿ ಕುಳಿತಿದ್ದ ಕಲ್ಪನಾ ಮೆಲ್ಲಗೆ ನಕ್ಕಳು. ಕಿಶೋರನಿಗೆ ಸ್ವರ್ಗ ಮೂರೇ ಗೇಣು. ಅಜ್ಜಿ ಎದ್ದು ಬಂದು ಅವನ ಎರಡೂ ಕಿವಿ ಪ್ರೀತಿಯಿಂದ ನೇವರಿಸಿ, ದೃಷ್ಟಿ ತಾಗದಿರಲೆಂದು ತನ್ನ ಕಣತಲೆಗೆ ಕೈಯೊತ್ತಿ ಲಟಲಟನೆ ನೆಟಿಗೆ ಮುರಿದಳು.

ಅಜ್ಜಿಯ ಎರಡೂ ಕಣತಲೆಯ ಮೇಲೆ ಕರಿ ಕೂದಲು ಅಂಟಿದ್ದವು. ಕಿಶೋರನ ಕಿವಿ ಬೋಳಾಗಿದ್ದವು.

ಅಜ್ಜಿ ಅಂಗೈ ನೋಡಿಕೊಂಡಳು. "ಇವನ್ನ ಅಂಟಿಸ್ಕೊಂಡಿದ್ದೇನಪಾ?"

ಕಿಶೋರನ ಮಾನ ಉಳಿಸಲು ಕಳಕವ್ವ ಮುಂದೆ ಬಂದಳು: "ಅಂಥಾ ಮೋಸದಾಂವ ಅಲ್ರಿ ನಮ್ಮ ಹುಡುಗ! ಹುಟ್ಟ ಬಂದ ಕೂದ್ಲ ಅವು. ಬ್ಯಾಡಂತ ದವಾಖಾನಿಗೆ ಹೋಗಿ ತಾನ ಸುಡಿಸ್ಕೊಂಡ ಬಂದಾನ!"

"ಅಂಟಿಸ್ಕೊಂಡಿದ್ರ ಹೆಂಗರ ನಡೀತಿತ್ತವಾ," ಬನಶಂಕರೆವ್ವ ಮೊಮ್ಮಗಳ ಕೈ ಹಿಡಿದು ಎಬ್ಬಿಸಿದಳು. "ದೇವ್ರು ಕೊಟ್ಟ ಆಯುಷ್ಯಾನ ಕೈಯಾರೆ ಸುಟಗೊಂಡಾಂವಗ ಹುಡುಗೀನ ಹೆಂಗ ಕೊಡ್ಲಿ?"